ಗಾಜಿನ ಮೇಲಿನ ಬಳ್ಳಿ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮಗ ಹೊಸ ಟಿವಿಯ ಮಾತು ತೆಗೆದ. ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪೇಪರಿನ ಜೊತೆ ಬಂದಿದ್ದ ಜಾಹೀರಾತನ್ನು ಮೇಜಿನ ಮೇಲೆ ಬಿಡಿಸಿಟ್ಟು, ನಲವತ್ತಮೂರು ಇಂಚಿನದೊಂದರ ಸುತ್ತ ಪೆನ್ನಿನಿಂದ ಗೆರೆ ಎಳೆದ.

“ಹಳೇದನ್ನ ಅವರೇ ಬಂದು ತಗೊಂಡು ಹೋಗ್ತಾರಂತೆ. ಈ ತಿಂಗಳು ಮಾತ್ರ.”

“ಹಳೇದಕ್ಕೆ ಏನಾಗಿದೆ?” ಎಂದಳು ತಾಯಿ.

“ಏನಾಗಿಲ್ಲ ಅಂತ ಕೇಳಮ್ಮ. ಹದಿನಾರು ವರ್ಷ ಆಯ್ತು. ಆನ್ ಮಾಡಿ, ಹೋಗಿ ಮುಖ ತೊಳ್ಕೊಂಡು ಬಂದ್ರೆ ಆಗ ಚಿತ್ರ ಬರುತ್ತೆ. ಆ ಡಿವಿಡಿ ಪ್ಲೇಯರಂತೂ ತಲೆ ಮೇಲೆ ಗುದ್ದದೆ ಬಾಯೇ ಬಿಡಲ್ಲ.”

“ಗುದ್ದಿದ್ರೆ ಬಿಡುತ್ತಲ್ಲ.”

“ತಾತನ ಹಾಗೇ,” ಎಂದಳು ಮೊಮ್ಮಗಳು. ಹದಿಮೂರರ ಹುಡುಗಿ, ಒಂದು ಕಡೆ ಕೂರುವವಳಲ್ಲವಾದ್ದರಿಂದ ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ತಾತ ಕೇಳಿಸಿದರೂ ಕೇಳಿಸದವನಂತೆ ಚಹಾ ಊದಿಕೊಂಡ.

ಟಿವಿಯ ಬೇಡಿಕೆ ಹುಟ್ಟಿದ್ದೇ ತಾತನಿಂದ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಕಣ್ಣು ಸವೆಸಿಕೊಂಡ ಮನುಷ್ಯ. ಪಂದ್ಯವಿದ್ದ ದಿನ ಸ್ಟೂಲು ಹಾಕಿಕೊಂಡು ಟಿವಿಯ ಮುಂದೆ ಒಂದು ಗೇಣಿನಲ್ಲಿ ಕೂರುತ್ತಿದ್ದ. ಉಳಿದವರು ಅವನ ಬೋಳುತಲೆಯ ಎರಡೂ ಬದಿಯಲ್ಲಿ ಆಟ ನೋಡಬೇಕು. ಅಷ್ಟಾದರೂ ಹತ್ತು ನಿಮಿಷಕ್ಕೊಮ್ಮೆ “ಎಷ್ಟಾಯ್ತು?” ಎಂದು ಕೇಳುವುದು ತಪ್ಪುತ್ತಿರಲಿಲ್ಲ. ಮಗ ಬಸ್ಸಿನ ಚಾಲಕ. ದಿನವಿಡೀ ಜನರ ತಲೆಗಳನ್ನು ಕನ್ನಡಿಯಲ್ಲಿ ನೋಡಿ ಬಂದವನಿಗೆ ಮನೆಯಲ್ಲೂ ತಲೆಯೇ ಕಾಣಬೇಕೇ ಎಂಬುದು ಅವನ ತಕರಾರು.

“ಕರೆಂಟ್ ಜಾಸ್ತಿ ಎಳೆಯುತ್ತೆ,” ಎಂದಳು ತಾಯಿ.

“ಹಳೇದಕ್ಕಿಂತ ಕಡಿಮೆ, ಅತ್ತೆ. ಇಲ್ಲೇ ಬರೆದಿದೆ ನೋಡಿ.” ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು; ಸಣ್ಣ ಅಕ್ಷರ ಓದುವುದು ಅವಳ ಕಸುಬೇ ಆಗಿತ್ತು.

“ಗುಬ್ಬಿ ಓದು ಹಾಳಾಗುತ್ತೆ.”

“ಅವಳು ಫೋನ್ ನೋಡಿ ಹಾಳಾಗೋಕೆ ಶುರುವಾಗಿ ಎರಡು ವರ್ಷ ಆಯ್ತು. ನೀವಂತೂ ಟಿವಿ ನೋಡೋದೇ ಇಲ್ಲ. ಸಂಜೆ ಹಾಕಿದ ತಕ್ಷಣ ಎದ್ದು ಒಳಗೆ ಹೋಗ್ತೀರಿ. ನಿಮಗೆ ಯಾವುದಾದ್ರೇನು?”

ಆ ಮಾತಿಗೆ ಉತ್ತರವಿತ್ತು, ಹೇಳುವಂತಿರಲಿಲ್ಲ. ತಾಯಿ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡು ಅಡುಗೆಮನೆಗೆ ಹೋದಳು.

ಬೀದಿಯವರು ಅವಳನ್ನು ಕಸೂತಿಯಮ್ಮ ಎನ್ನುತ್ತಿದ್ದರು. ದಿಂಬಿನ ಚೀಲ, ಮೇಜಿನ ಬಟ್ಟೆ, ಕೈವಸ್ತ್ರಗಳ ಮೇಲೆ ಹೂಬಳ್ಳಿ ಹಾಕಿ ಪೇಟೆಯ ಒಂದು ಅಂಗಡಿಗೆ ಕೊಡುತ್ತಿದ್ದಳು. ಹೊಲಿಗೆಯವರು ಆ ಬೀದಿಯಲ್ಲಿ ಇನ್ನೂ ನಾಲ್ಕು ಮಂದಿ ಇದ್ದರು. ಕಸೂತಿಯಮ್ಮನಿಗೆ ಹೆಸರು ಬಂದದ್ದು ಬೇರೆ ಕಾರಣಕ್ಕೆ: ಚಿತ್ರವನ್ನೂ ಅವಳೇ ಬರೆಯುತ್ತಾಳೆ, ಬರೆದದ್ದನ್ನು ಮತ್ತೆ ಬರೆಯುವುದಿಲ್ಲ ಎಂದು. ಅಂಗಡಿಯಾಕೆ ಗಿರಾಕಿಗಳ ಮುಂದೆ ಬಟ್ಟೆ ಹರವಿ, “ಇದು ಅಚ್ಚಲ್ಲ, ನಮ್ಮ ಅಮ್ಮ ಒಬ್ರಿದ್ದಾರೆ, ಮನಸ್ಸಿನಿಂದಲೇ ಬರೀತಾರೆ,” ಎನ್ನುತ್ತಿದ್ದಳು.

ಕಸೂತಿಯಮ್ಮನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಒಂದು ಎಲೆ ಬರೆಯೆಂದರೆ ಚಮಚವಾಗುತ್ತಿತ್ತು.

ಹದಿನಾಲ್ಕು ವರ್ಷದ ಹಿಂದೆ, ಮುಚ್ಚುತ್ತಿದ್ದ ಪುಸ್ತಕದಂಗಡಿಯೊಂದರಿಂದ ಅವಳು ಕಸೂತಿ ವಿನ್ಯಾಸಗಳ ಹದಿನೆಂಟು ಡಿಸ್ಕುಗಳ ಪೆಟ್ಟಿಗೆ ತಂದಿದ್ದಳು. ಎಲ್ಲರೂ ಹೊರಗೆ ಹೋದ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಮುಂದಿನ ಕೋಣೆ ಅವಳದು. ಕಿಟಕಿ ಪರದೆ ಎಳೆದು, ಪ್ಲೇಯರಿಗೆ ಗುದ್ದಿ, ಬೇಕಾದ ಚಿತ್ರ ಬಂದಾಗ ನಿಲ್ಲಿಸಿ, ತೆಳುಕಾಗದವನ್ನು ಟಿವಿಯ ಗಾಜಿಗೆ ಹಿಡಿಯುತ್ತಿದ್ದಳು. ಹಿಡಿಯುವುದೂ ಬೇಡ, ಹಳೆಯ ಗಾಜು ಕಾಗದವನ್ನು ತಾನೇ ಎಳೆದುಕೊಳ್ಳುತ್ತಿತ್ತು, ಮುಂಗೈ ಕೂದಲು ನೆಟ್ಟಗಾಗುತ್ತಿತ್ತು. ಆಮೇಲೆ ಪೆನ್ಸಿಲಿನಿಂದ ಗೆರೆಯ ಮೇಲೆ ಗೆರೆ. ಐದು ನಿಮಿಷ ಮೀರಿದರೆ ಪ್ಲೇಯರು ಚಿತ್ರ ಅಳಿಸಿ ತನ್ನ ಕಂಪನಿಯ ಹೆಸರನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತಿತ್ತು. ಐದು ನಿಮಿಷದಲ್ಲಿ ಒಂದು ಗುಲಾಬಿ ಮುಗಿಸುವುದು ಅವಳ ಕೈಗೆ ರೂಢಿಯಾಗಿತ್ತು. ಕಾಗದಕ್ಕೆ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಪುಡಿ ಒರೆಸಿದರೆ ಬಟ್ಟೆಯ ಮೇಲೆ ಬಳ್ಳಿ ಇಳಿಯುತ್ತಿತ್ತು. ನಾಲ್ಕು ಸಲಕ್ಕೆ ಕಾಗದ ಜಾಲರಿಯಾಗಿ ಒಲೆ ಸೇರುತ್ತಿತ್ತು.

ಮೊದಲ ಸಲ ಅಂಗಡಿಯಾಕೆ, “ಚಿತ್ರಾನೂ ನೀವೇ ಬರೆದ್ರಾ?” ಎಂದು ಕೇಳಿದಾಗ ಹೂಂ ಎಂದುಬಿಟ್ಟಿದ್ದಳು. ಆ ಹೂಂ ಅನ್ನು ವಾಪಸು ತೆಗೆದುಕೊಳ್ಳುವ ದಿನ ಬರಲೇ ಇಲ್ಲ. ಮನೆಯಲ್ಲೂ ಹಾಗೆಯೇ ನಡೆಯಿತು. ಗುಬ್ಬಿ ಮೂರನೇ ತರಗತಿಯಲ್ಲಿದ್ದಾಗ ಶಾಲೆಯ ಚಾರ್ಟಿಗೆ ಒಂದು ಮೀನು ಬರೆದುಕೊಡು ಎಂದು ಎರಡು ದಿನ ಕಾಡಿದ್ದಳು. ಅಜ್ಜಿ ಕಣ್ಣು ಉರಿ ಎಂದು ಮಲಗಿದ್ದಳು.

ಈಗ ಅಂಗಡಿಯಾಕೆ ದೊಡ್ಡ ಕೆಲಸ ತಂದಿದ್ದಳು. ಹೋಟೆಲೊಂದಕ್ಕೆ ಇಪ್ಪತ್ತನಾಲ್ಕು ಮೇಜಿನ ಬಟ್ಟೆ, ನಾಲ್ಕು ಬಗೆಯ ಹೊಸ ಚಿತ್ರ. ಎರಡು ತಿಂಗಳ ಗಡುವು. ಚಿತ್ರಗಳನ್ನು ಮಾತ್ರ ಈ ತಿಂಗಳಲ್ಲೇ ಹೋಟೆಲಿನವರಿಗೆ ತೋರಿಸಬೇಕು.

ಆ ವಾರವಿಡೀ ಊಟದ ಹೊತ್ತಿಗೆ ಟಿವಿಯೇ ವಿಷಯ. ಸೋಮವಾರ ಕಸೂತಿಯಮ್ಮ ಅದು ದುಂದು ಎಂದಳು. ಮಂಗಳವಾರ, ಗೋಡೆಗೆ ದೊಡ್ಡದಾಯಿತು ಎಂದಳು. ಬುಧವಾರ ಆಲೂಗಡ್ಡೆ ಸೀದು ಹೋಗಿದ್ದರಿಂದ ಏನೂ ಹೇಳಲಿಲ್ಲ.

“ನಿಜ ಹೇಳಮ್ಮ, ನಿಂಗೆ ಏನು ಕಷ್ಟ?” ಮಗ ಕೇಳಿದ. “ಅಪ್ಪಂಗೆ ಕಾಣಲ್ಲ ಅನ್ನೋದು ನಿಂಗೆ ಗೊತ್ತಿಲ್ವಾ?”

“ಗೊತ್ತು.”

“ಮತ್ತೆ?”

“ತಗೊಂಡು ಬಾ ಹೋಗಪ್ಪ. ನನ್ನ ಮಾತು ಕೇಳೋರು ಈ ಮನೇಲಿ ಯಾರಿದ್ದಾರೆ?”

“ಕೇಳ್ತಾನೇ ಇದೀವಲ್ಲ, ವಾರದಿಂದ,” ಎಂದಳು ಗುಬ್ಬಿ. ಅಜ್ಜಿ ಅವಳ ತಟ್ಟೆಗೆ ಸೀದ ಆಲೂಗಡ್ಡೆ ಬಡಿಸಿ ಬಾಯಿ ಮುಚ್ಚಿಸಿದಳು.

ಆ ದಿನಗಳ ಮಧ್ಯಾಹ್ನಗಳಲ್ಲಿ ಕಸೂತಿಯಮ್ಮ ನಾಲ್ಕರಲ್ಲಿ ಎರಡು ಚಿತ್ರ ತೆಗೆದುಕೊಂಡಳು, ಗೋಧಿಯ ತೆನೆ ಮತ್ತು ಪಾರಿವಾಳ. ಮೂರನೆಯದು ಎಲೆಬಳ್ಳಿ. ಅದಿದ್ದ ಡಿಸ್ಕು ಸಿಗುವ ಹೊತ್ತಿಗೆ ಗುರುವಾರ ಹನ್ನೊಂದು ಗಂಟೆಯಾಗಿತ್ತು, ಬಾಗಿಲಲ್ಲಿ ಇಬ್ಬರು ಗಂಡಸರು ಉದ್ದನೆಯ ಪೆಟ್ಟಿಗೆ ಹಿಡಿದು ನಿಂತಿದ್ದರು.

ಹಳೆಯದನ್ನು ಇಳಿಸುವಾಗ ಒಬ್ಬ, “ಇದೇನಮ್ಮ, ಒಳಗೆ ಕಲ್ಲು ತುಂಬಿದ್ದೀರಾ?” ಎಂದ. ಪ್ಲೇಯರನ್ನು ನೋಡಿ, “ಇದನ್ನ ನಾವು ತಗೊಳ್ಳಲ್ಲ,” ಎಂದ.

“ಕೊಟ್ಟರೆ ತಾನೆ,” ಎಂದಳು ಕಸೂತಿಯಮ್ಮ.

ಸಂಜೆ ಅದನ್ನೂ ಹೊಸ ಟಿವಿಗೆ ಜೋಡಿಸು ಎಂದಾಗ ಮಗ ನಕ್ಕ. “ಯಾಕಮ್ಮ? ಹೊಸ ಬಸ್ಸಿಗೆ ಎತ್ತು ಕಟ್ಟಿದ ಹಾಗೆ.”

“ಗುಬ್ಬಿ ಚಿಕ್ಕೋಳಿದ್ದಾಗ ನೋಡ್ತಿದ್ದ ಡಿಸ್ಕ್ ಇವೆ. ಇರ್ಲಿ.”

ಮೂರು ಬಣ್ಣದ ವೈರುಗಳಿಗೆ ಹಿಂಬದಿಯಲ್ಲಿ ಮೂರು ತೂತುಗಳಿದ್ದವು. ಮಗ ಗೊಣಗುತ್ತಲೇ ಸಿಕ್ಕಿಸಿದ.

ಆ ಶನಿವಾರದ ಪಂದ್ಯವನ್ನು ತಾತ ಗೋಡೆಗೆ ಒರಗಿ ಕೂತು ನೋಡಿದ. ಯಾರನ್ನೂ ಏನೂ ಕೇಳಲಿಲ್ಲ. ಅರ್ಧ ಆಟವಾದ ಮೇಲೆ, “ಅವನಿಗೆ ಗಡ್ಡ ಇದೆಯಲ್ಲೋ,” ಎಂದ. ಐದು ವರ್ಷದಿಂದ ನೋಡುತ್ತಿದ್ದ ಆಟಗಾರನ ಬಗ್ಗೆ ಅವನು ಹೇಳಿದ ಹೊಸ ವಿಷಯ ಅದು. ಗುಬ್ಬಿ ಪರದೆಯ ಮೇಲೆ ಇನ್ನೂ ಸುಲಿಯದಿದ್ದ ಪ್ಲಾಸ್ಟಿಕ್ ಹಾಳೆಗೆ, ವಾರ್ತೆ ಓದುವಾಕೆಯ ಮೂಗಿನ ಕೆಳಗೆ ಬರುವಂತೆ, ಪೆನ್ನಿನಿಂದ ಮೀಸೆ ಬರೆದಿದ್ದಳು. ಸೊಸೆ ಬೈದು ಹಾಳೆ ಸುಲಿದಳು. ಕಸೂತಿಯಮ್ಮನೂ ನಕ್ಕಳು. ತಾತನ ಮುಖ ನೋಡಿದರೆ ಟಿವಿ ಬಂದದ್ದು ತಪ್ಪೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಎರಡಕ್ಕೆ, ಕಿಟಕಿ ಪರದೆ ಎಳೆದು, ಪ್ಲೇಯರಿಗೆ ಗುದ್ದಿ, ಎಲೆಬಳ್ಳಿಯನ್ನು ನಿಲ್ಲಿಸಿದಳು.

ಬಳ್ಳಿ ಅಡ್ಡಕ್ಕೆ ಹಿಗ್ಗಿತ್ತು. ದುಂಡನೆಯ ಹಣ್ಣುಗಳು ಮೊಟ್ಟೆಗಳಾಗಿದ್ದವು. ಗುಬ್ಬಿ ಯಾವ ಗುಂಡಿ ಒತ್ತಿ ಚಿತ್ರ ಕಿರಿದು ಮಾಡುತ್ತಾಳೆಂದು ನೋಡಿಕೊಂಡಿದ್ದಳು. ನಾಲ್ಕು ಸಲ ತಪ್ಪಿ ಐದನೆಯದಕ್ಕೆ ಸರಿ ಮಾಡಿದಳು. ಹಣ್ಣು ದುಂಡಗಾಯಿತು, ಆದರೆ ಗೆರೆಗಳು ನೀರಿನಲ್ಲಿ ನೆನೆದಂತೆ ಮಬ್ಬಾಗಿದ್ದವು. ಕಾಗದ ಹಚ್ಚಿದಳು. ಜಾರಿ ಬಿತ್ತು. ಈ ಪರದೆ ಏನನ್ನೂ ಎಳೆದುಕೊಳ್ಳುವುದಿಲ್ಲ. ಎರಡು ಹಾಳೆ ಜೋಡಿಸಿ ಚೌಕಟ್ಟಿಗೆ ಟೇಪಿನಿಂದ ಅಂಟಿಸಿ ಪೆನ್ಸಿಲು ಊರಿದರೆ, ಎರಡು ಸಣ್ಣ ಕಾಲಿನ ಮೇಲೆ ನಿಂತಿದ್ದ ಟಿವಿಯೇ ಹಿಂದಕ್ಕೆ ಸರಿಯಿತು.

ಆಗ ಅವಳು ಎಡಗೈಯನ್ನು ಟಿವಿಯ ಹಿಂದೆ ಕೊಟ್ಟು ತಡೆ ಹಿಡಿದಳು. ಮುಂದಿನಿಂದ ಪೆನ್ಸಿಲು, ಹಿಂದಿನಿಂದ ಅಂಗೈ. ಪೆನ್ಸಿಲು ಹೋದಲ್ಲೆಲ್ಲ ಪರದೆ ಚರ್ಮದಂತೆ ತಗ್ಗುತ್ತಿತ್ತು, ಸುತ್ತ ಕಪ್ಪಗಿನ ಅಲೆ ಎದ್ದು ಅಡಗುತ್ತಿತ್ತು. ಹೊಸ ಟಿವಿಗಳು ಹೀಗೇ ಇರಬೇಕು ಎಂದುಕೊಂಡಳು. ಐದು ನಿಮಿಷದ ಗಡಿ ಹತ್ತಿರವಾಗುತ್ತಿತ್ತು. ಬೇಗ ಬೇಗ ಗಟ್ಟಿಯಾಗಿ ಎಳೆದಳು.

ಕಾಗದ ತೆಗೆದಾಗ ಬಲಗಡೆ ಅಂಗೈಯಗಲದ ಕಪ್ಪು ಉಳಿದಿತ್ತು. ಆರಿಸಿ ಹಾಕಿದಳು. ಮತ್ತೆ ಆರಿಸಿ ಹಾಕಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಆಮೇಲೆ ಒಣಬಟ್ಟೆಯಲ್ಲಿ. ಕೊನೆಗೆ ಬೀರುವಿನಿಂದ ಹೊದಿಕೆ ತೆಗೆದು ಟಿವಿಯ ಮೇಲೆ ಇಳಿಬಿಟ್ಟು ಬೀನ್ಸ್ ಬಿಡಿಸಲು ಕೂತಳು.

ಮಗ ಆರೂಕಾಲಿಗೆ ಬಂದು ಹೊದಿಕೆ ಎತ್ತಿದ.

ಗುರುವಾರ ಸಂಜೆ ಕಂಪನಿಯ ರಿಪೇರಿಯವನು ಬಂದ. ಬೆರಳಿನಿಂದ ಅಂಚು ತಟ್ಟಿ, ಟಿವಿ ಆರಿಸಿ, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದ.

“ಇದು ಒಳಗಿನ ದೋಷ ಅಲ್ಲ ಸಾರ್, ಒತ್ತಿರೋದು. ವಾರಂಟಿ ಬರಲ್ಲ. ನೋಡಿ ಇಲ್ಲಿ, ಗೆರೆ ಬಿದ್ದಿದೆ. ಬಳ್ಳಿ ಬರೆದಿದ್ದಾರೆ. ಎಲೇನೂ ಇದೆ.” ಅವನು ಸುತ್ತ ನೋಡಿ ಗುಬ್ಬಿಯನ್ನು ಕಂಡ. “ಮಕ್ಕಳಿರೋ ಮನೇಲಿ ಆಗುತ್ತೆ.”

ಎಲ್ಲರೂ ಗುಬ್ಬಿಯ ಕಡೆ ತಿರುಗಿದರು.

“ನಾನಲ್ಲ.”

“ಮೀಸೆ ಬರೆದದ್ದು ಯಾರು?” ಸೊಸೆ ಕೇಳಿದಳು.

“ಅದು ಪ್ಲಾಸ್ಟಿಕ್ ಮೇಲೆ.”

“ಇದು?”

“ನಾನಲ್ಲ ಅಂದ್ನಲ್ಲಮ್ಮ. ನಂಗೆ ಬಳ್ಳಿ ಬರೆಯೋಕೆ ಎಲ್ಲಿ ಬರುತ್ತೆ?”

“ಈ ಮನೇಲಿ ಗೋಡೆ, ಬಾಗಿಲು, ನನ್ನ ಅಂಗಡಿಯ ರಸೀದಿ, ಯಾವುದರ ಮೇಲೆ ನೀನು ಬರೆದಿಲ್ಲ ಹೇಳು. ಶನಿವಾರದ ಪ್ರವಾಸ ಇಲ್ಲ. ಟೀಚರ್‌ಗೆ ನಾನೇ ಫೋನ್ ಮಾಡ್ತೀನಿ.”

ಶಾಲೆಯವರು ಸಮುದ್ರ ನೋಡಲು ಕರೆದೊಯ್ಯುವವರಿದ್ದರು. ಗುಬ್ಬಿ ಸಮುದ್ರ ನೋಡಿರಲಿಲ್ಲ.

“ಹೋಗ್ಲಿ ಬಿಡಮ್ಮ,” ಎಂದಳು ಕಸೂತಿಯಮ್ಮ. “ಟಿವಿ ತಾನೆ.”

“ಟಿವಿ ಅಲ್ಲ ಅತ್ತೆ, ಸುಳ್ಳು. ಮಾಡಿದೆ ಅಂತ ಒಂದು ಮಾತು ಹೇಳಿದ್ರೆ ಕಳಿಸ್ತಿದ್ದೆ.”

ತಾತ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಒರೆಸುವುದು ಬಹಳ ಹೊತ್ತು ನಡೆಯಿತು.

ಶುಕ್ರವಾರ ಗುಬ್ಬಿ ರಾತ್ರಿ ಊಟಕ್ಕೆ ಬರಲಿಲ್ಲ. ಕಸೂತಿಯಮ್ಮ ತಟ್ಟೆ ಒಯ್ದು ಮಂಚದ ಪಕ್ಕ ಇಟ್ಟಳು, ಮುಟ್ಟದ ತಟ್ಟೆಯನ್ನು ತಂದು ತೊಳೆದಳು. ಹೇಳಬೇಕೆಂದು ಎರಡು ಸಲ ಸೊಸೆಯ ಬಳಿ ಹೋದಳು. ಒಮ್ಮೆ ಉಪ್ಪು ಮುಗಿದಿದೆ ಎಂದು ಹೇಳಿ ಬಂದಳು, ಇನ್ನೊಮ್ಮೆ ಸಾಬೂನು ಮುಗಿದಿದೆ ಎಂದು.

ಶನಿವಾರ ಬೆಳಿಗ್ಗೆ ಆರಕ್ಕೆ ಶಾಲೆಯ ಬಸ್ಸು ಬೀದಿಯ ತುದಿಯಲ್ಲಿ ನಿಂತು, ಮೂಲೆಮನೆಯ ಹುಡುಗಿಯನ್ನು ಹತ್ತಿಸಿಕೊಂಡು ಹೋಯಿತು. ಗುಬ್ಬಿ ಎದ್ದು ಸ್ನಾನ ಮಾಡಿ ಮೆಟ್ಟಿಲ ಮೇಲೆ ಕೂತು ಅದನ್ನು ನೋಡಿದಳು. ಒಳಗೆ ಬಂದು, ಯಾರೂ ಹೇಳದೆ, ತಾನು ಬಿಟ್ಟಿದ್ದ ಬಟ್ಟೆಗಳನ್ನು ಮಡಚಿಟ್ಟಳು.

ಮಧ್ಯಾಹ್ನ ಒಂದಕ್ಕೆ ಐವರೂ ಊಟಕ್ಕೆ ಕೂತಿದ್ದರು. ಕಸೂತಿಯಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

“ಟಿವಿ ಮೇಲೆ ಬರೆದದ್ದು ನಾನು.”

ಮಗ ತಲೆಯೆತ್ತಿದ. “ಏನಂದೆ?”

“ನಾನು. ಕಾಗದ ಇಟ್ಟು ಗೆರೆ ಎಳೀತಿದ್ದೆ. ಹಳೇ ಟಿವಿ ಮೇಲೂ ಹಾಗೇ ಮಾಡ್ತಿದ್ದೆ. ಹದಿನಾಲ್ಕು ವರ್ಷ. ನಂಗೆ ಚಿತ್ರ ಬರೆಯೋಕೆ ಬರಲ್ಲ. ಎಲ್ಲಾ ಆ ಡಿಸ್ಕಿನಲ್ಲಿರೋವು.”

ಮಗನೂ ಸೊಸೆಯೂ ತುತ್ತು ಬಿಟ್ಟು ಅವಳನ್ನು ನೋಡಿದರು. ತಾತ ಅನ್ನ ಕಲಸುತ್ತಲೇ ಇದ್ದ. ಅದನ್ನು ಮೊದಲು ಗಮನಿಸಿದವಳು ಅವಳೇ.

“ನಿಮಗೆ ಗೊತ್ತಿತ್ತಾ?”

“ಗಾಜಿನ ಮೇಲೆ ಪೆನ್ಸಿಲ್ ಪುಡಿ ಇಷ್ಟು ವರ್ಷ ಒರೆಸ್ತಿದ್ದದ್ದು ಯಾರು ಅಂದ್ಕೊಂಡೆ? ಪಂದ್ಯ ಹಾಕೋ ಮುಂಚೆ ದಿನಾ ಒರೆಸಬೇಕಿತ್ತು.”

“ಹಾಗಾದ್ರೆ ಮಾವ, ಈ ಎರಡು ದಿನ?” ಸೊಸೆಯ ದನಿ ಏರಲಿಲ್ಲ. “ಮಗು ನಾನಲ್ಲ ನಾನಲ್ಲ ಅಂತಿತ್ತಲ್ಲ. ನೀವೂ ಸುಮ್ನಿದ್ರಾ?”

“ಅವಳೇ ಹೇಳ್ಲಿ ಅಂತ ಕಾದೆ.”

“ಚೆನ್ನಾಗಿ ಕಾದ್ರಿ.”

ತಾತನ ಕೈ ಈಗ ನಿಂತಿತು. ಮಗ ಅಪ್ಪನನ್ನೂ ಅಮ್ಮನನ್ನೂ ನೋಡಿ, “ಒಂದು ಮಾತು ಮೊದಲೇ ಹೇಳಿದ್ರೆ ಹಳೇದನ್ನ ಒಳಗಿನ ಕೋಣೇಲಿ ಇಟ್ಕೋಬಹುದಿತ್ತಲ್ಲಮ್ಮ,” ಎಂದ. “ಯಾರು ಬೇಡ ಅಂತಿದ್ರು?”

“ಹೇಳಿದ್ರೆ, ಯಾಕೆ ಅಂತ ಕೇಳ್ತಿದ್ದೆ.”

“ಕೇಳ್ತಿದ್ದೆ. ಅದಕ್ಕೇನೀಗ?”

“ಅದೇ,” ಎಂದಳು ತಾಯಿ.

ಗುಬ್ಬಿ ಅಷ್ಟು ಹೊತ್ತೂ ತಟ್ಟೆ ನೋಡುತ್ತಿದ್ದಳು. “ಫೋನಲ್ಲಿ ಫೋಟೊ ತೆಗೆದು ಮೂಲೆ ಅಂಗಡೀಲಿ ಪ್ರಿಂಟ್ ಹಾಕಿಸಿದ್ರೆ ಆಗ್ತಿತ್ತು ಅಜ್ಜಿ. ಬೇಕಾದ ಅಳತೇಲಿ ಕೊಡ್ತಾರೆ. ಹತ್ತು ನಿಮಿಷದ ಕೆಲಸ.”

“ನಂಗೆ ಗೊತ್ತಿರ್ಲಿಲ್ಲ ಕಂದ.”

“ನನ್ನ ಕೇಳ್ಬೇಕಿತ್ತು.” ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ನಿನ್ನೆ ಹೇಳಿದ್ರೂ ಆಗ್ತಿತ್ತು. ಈಗ ಬಸ್ಸು ಹೋಯ್ತು.”

“ಹೌದು.”

“ಮೂರನೇ ಕ್ಲಾಸಲ್ಲಿ ಮೀನು ಬರೆದುಕೊಡ್ಲಿಲ್ಲ ಅಂತ ನಂಗೆ ನಿನ್ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ? ನಾನಂದ್ರೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ.”

ಕಸೂತಿಯಮ್ಮ ಸೌಟನ್ನು ಎತ್ತಿಕೊಂಡಳು, ಯಾರಿಗೆ ಬಡಿಸುವುದೆಂದು ತಿಳಿಯದೆ ಮತ್ತೆ ಇಟ್ಟಳು. ಸೊಸೆ ಎದ್ದು ಮಗಳ ಹಿಂದೆ ನಿಂತು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. “ನನ್ನದೂ ತಪ್ಪು,” ಎಂದಳು, ಜಡೆಗೆ ಹೇಳುವಂತೆ. “ಮೀಸೆ ಒಂದಕ್ಕೇ ತೀರ್ಪು ಕೊಟ್ಟೆ.”

ಮಗ ಮುಂದಿನ ರಜೆಗೆ ತಾನೇ ಸಮುದ್ರಕ್ಕೆ ಕರೆದೊಯ್ಯುವೆನೆಂದ. “ಗೆಳತಿಯರೆಲ್ಲ ಬರ್ತಾರಾ?” ಎಂದು ಗುಬ್ಬಿ ಕೇಳಿದಳು.

ಹೊಸ ಪರದೆ ಹಾಕಿಸಲು ಟಿವಿಯಷ್ಟೇ ಖರ್ಚಾಗುತ್ತಿತ್ತು, ಹಾಕಿಸಲಿಲ್ಲ. ಸಂಜೆ ತಾತ ಪಂದ್ಯ ಹಾಕಿ, “ಅಂಕ ಎಡಗಡೆ ಬರುತ್ತೆ, ಕಲೆ ಬಲಗಡೆ ಇದೆ. ನಂಗೇನೂ ಅಡ್ಡಿಯಿಲ್ಲ,” ಎಂದ. ಆ ದಿನ ಅವನ ಜೊತೆ ಯಾರೂ ಕೂತು ನೋಡಲಿಲ್ಲ.

ಭಾನುವಾರ ಗುಬ್ಬಿ ಅಜ್ಜಿಯೊಂದಿಗೆ ಮಾತಾಡಲಿಲ್ಲ. ಸೋಮವಾರ, ಶಾಲೆಗೆ ಹೊರಡುವ ಮುಂಚೆ, “ಅಂಗಡಿಯವರಿಗೂ ಹೇಳ್ತೀಯಾ?” ಎಂದು ಕೇಳಿದಳು.

“ಹೇಳ್ಬೇಕಾ?”

“ನಂಗೇನು ಗೊತ್ತು. ಸುಮ್ನೆ ಕೇಳ್ದೆ.”

ಕಸೂತಿಯಮ್ಮ ಗೋಧಿ ತೆನೆ, ಪಾರಿವಾಳ, ಎಲೆಬಳ್ಳಿಯ ಕಾಗದಗಳನ್ನೂ ಡಿಸ್ಕುಗಳ ಪೆಟ್ಟಿಗೆಯನ್ನೂ ಚೀಲಕ್ಕೆ ಹಾಕಿಕೊಂಡು ಹನ್ನೊಂದರ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಹೇಳಿ ಮುಗಿಸಲು ಮೂರು ನಿಮಿಷವೂ ಹಿಡಿಯಲಿಲ್ಲ.

ಅಂಗಡಿಯಾಕೆ ಪೆಟ್ಟಿಗೆಯ ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿದಳು. “ಎಷ್ಟು ಜನಕ್ಕೆ ಹೇಳಿದ್ದೀನಿ ಅಮ್ಮ, ಮನಸ್ಸಿನಿಂದ ಬರೀತಾರೆ ಅಂತ. ನನ್ನ ಮುಖ ಎಲ್ಲಿಡ್ಲಿ?”

“ನನ್ನದರ ಪಕ್ಕ ಇಡಿ.”

ಅಂಗಡಿಯಾಕೆಗೆ ನಗು ಬರುವಂತಿತ್ತು, ತಡೆದುಕೊಂಡಳು. “ಹೊಲಿಗೆ?”

“ಹೊಲಿಗೆ ನನ್ನದೇ. ಒಂದೊಂದು ಎಳೇನೂ.”

“ಅದು ಗೊತ್ತು ಬಿಡಿ. ಹೋಟೆಲಿನವರು ಹೊಸ ಚಿತ್ರ ಕೇಳಿದ್ದಾರೆ, ಇವನ್ನ ಕೊಡೋಕಾಗಲ್ಲ. ಬರೆಯೋಕೆ ಬೇರೆಯವರನ್ನ ನೋಡ್ತೀನಿ. ಬಟ್ಟೆ ನೀವೇ ಹಾಕಿ. ಇನ್ಮೇಲೆ ನಿಮ್ಮ ಹೆಸರಲ್ಲಿ ಚಿತ್ರ ಅನ್ನಲ್ಲ, ಹೊಲಿಗೆ ಅಂತೀನಿ.”

“ಹಾಗೇ ಅನ್ನಿ.”

ಚಿತ್ರಗಳು ಹತ್ತು ದಿನದ ಮೇಲೆ ಬಂದವು. ಕಂಪ್ಯೂಟರಿನಲ್ಲಿ ಬರೆಯುವ ಇಪ್ಪತ್ತೆರಡರ ಹುಡುಗಿಯೊಬ್ಬಳು ಬರೆದದ್ದು. ಗುಬ್ಬಿ ಪಕ್ಕದಲ್ಲಿ ನಿಂತು ನೋಡಿ, “ಚೆನ್ನಾಗಿದೆ ಅಲ್ವಾ ಅಜ್ಜಿ?” ಎಂದಳು. ಕಸೂತಿಯಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು, ಬಳ್ಳಿಯ ಮೇಲೆ ಸೂಜಿಯ ಮೊನೆ ಓಡಿಸಿದಳು. ಮೂರನೆಯ ತಿರುವಿನಲ್ಲಿ ಸೂಜಿ ನಿಂತಿತು.

“ಚೆಂದ ಇದೆ. ಆದ್ರೆ ಇಲ್ಲಿ ತಿರುವು ಇಕ್ಕಟ್ಟು, ದಾರ ತಿರುಗಲ್ಲ. ಎರಡು ಒಗೆತಕ್ಕೆ ಈ ಕೊಕ್ಕೆಯ ಹೊಲಿಗೆ ಎದ್ದು ಬರುತ್ತೆ. ಬಟ್ಟೆ ಮೇಲೆ ಕೈಯಾಡಿಸದೋರು ಬರೆದದ್ದು.”

ತಿರುವು ಎಷ್ಟು ಅಗಲ ಬೇಕೆಂದು ತೋರಿಸಲು ಒಂದು ತುಂಡು ಬಟ್ಟೆಯ ಮೇಲೆ ಅಷ್ಟನ್ನೇ ಹೊಲಿದು, ಹಾಳೆಗೆ ಪಿನ್ನು ಚುಚ್ಚಿ, ಅಂಗಡಿಗೆ ವಾಪಸು ಕಳಿಸಿದಳು. ಆ ಹುಡುಗಿ ಮೂರನೆಯ ತಿರುವನ್ನು ತಿದ್ದಿ ಗುರುವಾರ ಹೊಸ ಹಾಳೆ ಕಳಿಸಿದಳು, ಅದರ ಜೊತೆಗೆ ಇನ್ನೂ ಐದು ಹಾಳೆಗಳನ್ನು, ನೋಡಿ ಹೇಳಿ ಎಂದು.